ಪಂಕ್ತಿಭೇದವಿಲ್ಲದ ಹ್ಯಾಲೊವೀನ್

ಹ್ಯಾಲೊವೀನ್ ಸಂಜೆ ಮಕ್ಕಳ ಚೀಲಕ್ಕೆ ಬೀಳುವ ಬೆರಳುದ್ದದ ಚಾಕೊಲೇಟುಗಳ ಮೇಲೆ ಎಷ್ಟೋ ಸಲ ಹೆಸರು ಬಿಟ್ಟರೆ ಬೇರೇನೂ ಅಚ್ಚಾಗಿರುವುದಿಲ್ಲ. ಒಳಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿ ಇರುವುದು ಅಂಗಡಿಯಿಂದ ತಂದ ದೊಡ್ಡ ಪೊಟ್ಟಣದ ಮೇಲೆ. ಅದು ಹಂಚುವವರ ಮನೆಯ ಕಸದ ಬುಟ್ಟಿಗೆ ಯಾವಾಗಲೋ ಹೋಗಿರುತ್ತದೆ. ಅದೇ ಹೆಸರಿನ ದೊಡ್ಡ ಚಾಕೊಲೇಟು ಒಗ್ಗಿದೆ ಎಂದು ಚಿಕ್ಕದನ್ನು ಕಣ್ಣುಮುಚ್ಚಿ ಕೊಡುವಂತೆಯೂ ಇಲ್ಲ. ಗಾತ್ರ ಬದಲಾದಾಗ ತಯಾರಾಗುವ ಕಾರ್ಖಾನೆ ಬದಲಾಗಬಹುದು, ಕೆಲವೊಮ್ಮೆ ಹಾಕುವ ಪದಾರ್ಥವೂ ಬದಲಾಗುತ್ತದೆ. ಶೇಂಗಾ ಮತ್ತು ಗೋಡಂಬಿ ಅಲರ್ಜಿ ಇರುವ ಮಗಳನ್ನು ನ್ಯೂಜೆರ್ಸಿಯಲ್ಲಿ ಬೆಳೆಸುತ್ತಿರುವ ನನಗೆ ಅಕ್ಟೋಬರ್ 31 ಬಹಳ ಕಾಲ ಹಬ್ಬವಾಗಿರಲಿಲ್ಲ, ಕಾವಲಿನ ದಿನವಾಗಿತ್ತು.

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ನಮ್ಮ ಮನೆಯಲ್ಲಿ ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಒಗ್ಗರಣೆಗೆ ಗಾಣದ ಶೇಂಗಾ ಎಣ್ಣೆ. ಶೇಂಗಾ ಬೇಡವಾದ ಅಡುಗೆಮನೆ ಹೇಗಿರುತ್ತದೆ ಎಂದು ಊಹಿಸುವ ಪ್ರಸಂಗವೇ ಬಂದಿರಲಿಲ್ಲ. ಮಗಳು ಇನ್ನೂ ತೊದಲು ಮಾತಾಡುವ ವಯಸ್ಸಿನಲ್ಲಿ ಹಬ್ಬದ ಪಾಯಸದೊಳಗಿನ ಒಂದು ಗೋಡಂಬಿ ಚೂರು ಅವಳ ತುಟಿ ಊದಿಸಿತು, ಮೈತುಂಬ ದದ್ದು ಎಬ್ಬಿಸಿತು, ವಾಂತಿ ಮಾಡಿಸಿತು. ಆಮೇಲೆ ಪರೀಕ್ಷೆಗಳಾದವು, ಶೇಂಗಾದ ಹೆಸರೂ ಪಟ್ಟಿಗೆ ಸೇರಿತು. ಗೋಡಂಬಿ ಆಗದವರಿಗೆ ಪಿಸ್ತಾ ಕೂಡ ಸಾಮಾನ್ಯವಾಗಿ ಆಗುವುದಿಲ್ಲ, ಎರಡರ ಪ್ರೋಟೀನುಗಳೂ ಅಷ್ಟು ಹತ್ತಿರದವು. ಚೆನ್ನಾಗಿ ಶುದ್ಧೀಕರಿಸಿದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನು ಬಹುತೇಕ ಉಳಿಯುವುದಿಲ್ಲ, ಆದರೆ ಗಾಣದೆಣ್ಣೆಯಲ್ಲಿ ಉಳಿಯುತ್ತದೆ ಎಂಬುದು ತಿಳಿದ ದಿನವೇ ನಮ್ಮ ಮನೆಯ ಎಣ್ಣೆ ಡಬ್ಬಿ ಬದಲಾಯಿತು.

ಮನೆಯೊಳಗಿನದನ್ನು ಹೀಗೆ ಸರಿಪಡಿಸಿಕೊಳ್ಳಬಹುದು. ಹೊರಗೆ ಹೋದಾಗ ಏನು? ಇಲ್ಲಿ ಎಲ್ಲರೂ ಮಾಡುವ ಏರ್ಪಾಡೆಂದರೆ ಅಲರ್ಜಿ ಇರುವ ಮಗುವಿಗೆ ಬೇರೆ ಡಬ್ಬಿ. ಶಾಲೆಯವರು, ಗೆಳತಿಯರ ತಾಯಂದಿರು ಬಹಳ ಪ್ರೀತಿಯಿಂದ ಕೇಳುತ್ತಾರೆ, ‘ಅವಳದ್ದು ಏನು ತಂದಿದ್ದೀರಿ?’ ಎಂದು. ಆ ಡಬ್ಬಿ ಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಇಪ್ಪತ್ತು ಮಕ್ಕಳು ಒಂದೇ ತಟ್ಟೆಗೆ ಕೈಹಾಕುವಾಗ ಒಬ್ಬಳು ಮಾತ್ರ ಮೂಲೆಯಲ್ಲಿ ತನ್ನ ಡಬ್ಬಿಯ ಮುಚ್ಚಳ ತೆಗೆಯುವುದನ್ನು ನೋಡಿದಾಗಲೆಲ್ಲ ನನಗೆ ನಮ್ಮಜ್ಜಿ ನೆನಪಾಗುತ್ತಿದ್ದರು. ಸಾಲಿನಲ್ಲಿ ಕೂತವರ ಎಲೆಗೆಲ್ಲ ಒಂದೇ ಬಡಿಸಬೇಕು, ಒಬ್ಬರಿಗೆ ತುಪ್ಪ ಹಾಕಿ ಪಕ್ಕದವರ ಎಲೆ ದಾಟಿ ಹೋಗಬಾರದು, ಪಂಕ್ತಿಭೇದಕ್ಕಿಂತ ದೊಡ್ಡ ಪಾಪವಿಲ್ಲ ಎಂದು ಅವರು ನಂಬಿದ್ದರು. ನಾನೂ ನಂಬುತ್ತೇನೆ. ಆದ್ದರಿಂದ ನಮ್ಮ ಬೀದಿಯವರು ಹ್ಯಾಲೊವೀನ್‌ಗೆ ಹೊರಗೆ ಮೇಜು ಹಾಕಿ ಎಲ್ಲ ಮನೆಯ ಮಕ್ಕಳನ್ನೂ ಕರೆಯುವಾಗ ನಾನು ಮಾಡಿಕೊಡುವ ತಿಂಡಿ ಅಲ್ಲಿಗೆ ಬರುವ ಯಾವ ಮಗುವೂ ಹೆದರದೆ ತಿನ್ನುವಂಥದ್ದೇ ಆಗಿರಬೇಕು ಎಂದು ತೀರ್ಮಾನಿಸಿದೆ.

ತೀರ್ಮಾನ ಸುಲಭ, ಪಟ್ಟಿ ಕಷ್ಟ. ನನ್ನ ಮಗಳಿಗೆ ಶೇಂಗಾ, ಗೋಡಂಬಿ ಆಗದು. ಪಕ್ಕದ ಮನೆಯ ಹುಡುಗನಿಗೆ ಹಾಲು, ಮೊಟ್ಟೆ ಆಗದು. ತಿರುವಿನಾಚೆಯ ಮನೆಯ ಪುಟ್ಟಿಗೆ ಎಳ್ಳು. ಇನ್ನೊಬ್ಬ ಹುಡುಗನಿಗೆ ಸೀಲಿಯಾಕ್ ಕಾಯಿಲೆ, ಅವನು ಗೋಧಿ ಮಾತ್ರವಲ್ಲ, ಬಾರ್ಲಿಯನ್ನೂ ಮುಟ್ಟುವಂತಿಲ್ಲ. ಅಮೆರಿಕದಲ್ಲಿ 2004ರ ಕಾನೂನು ಎಂಟು ಮುಖ್ಯ ಅಲರ್ಜಿಕಾರಕಗಳನ್ನು ಪೊಟ್ಟಣದ ಮೇಲೆ ಸ್ಪಷ್ಟವಾಗಿ ನಮೂದಿಸಲೇಬೇಕೆಂದು ವಿಧಿಸಿತು. ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಯಂಥವು, ಗೋಡಂಬಿ-ಬಾದಾಮಿಯಂಥ ಮರದ ಬೀಜಗಳು, ಶೇಂಗಾ, ಗೋಧಿ, ಸೋಯಾ. 2021ರಲ್ಲಿ ಬಂದ ಇನ್ನೊಂದು ಕಾನೂನಿನಿಂದ ಎಳ್ಳು ಒಂಬತ್ತನೆಯದಾಯಿತು, 2023ರ ಜನವರಿಯಿಂದ ಅದು ಜಾರಿಯಲ್ಲಿದೆ. ಈ ಒಂಬತ್ತೂ ಇರಬಾರದು, ಬಾರ್ಲಿಯೂ ಇರಬಾರದು, ಮಕ್ಕಳು ಬಾಯಿ ಚಪ್ಪರಿಸಬೇಕು, ನೋಡಲು ಭೂತದ ಹಾಗಿರಬೇಕು. ಇಲ್ಲಿಯ ಮನೆಗಳಲ್ಲಿ ಸಾಮಾನ್ಯವಾಗಿ ಮಾಡುವ ಅಕ್ಕಿಗರಿ-ಮಾರ್ಷ್‌ಮ್ಯಾಲೊ ಬಿಲ್ಲೆ ನೋಡೋಣವೆಂದರೆ ಅಕ್ಕಿಗರಿಗೆ ಎಷ್ಟೋ ಸಲ ಬಾರ್ಲಿ ಮಾಲ್ಟ್ ಸೇರಿಸಿರುತ್ತಾರೆ. ಮಾರ್ಷ್‌ಮ್ಯಾಲೊದಲ್ಲಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ-ಮೂಳೆಯಿಂದ ಬರುವಂಥದ್ದು, ನಮ್ಮಂಥ ಸಸ್ಯಾಹಾರಿ ಮನೆಗಳ ಮಕ್ಕಳಿಗೆ ಅದೂ ಸಲ್ಲದು.

ದಾರಿ ತೋರಿದ್ದು ನನ್ನೂರಿನ ಮಂಡಕ್ಕಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ಓಡಾಡಿದವಳಿಗೆ ಮಂಡಕ್ಕಿ ಉಂಡೆ ಹೊಳೆಯದೆ ಇದ್ದೀತೆ? ಅಕ್ಕಿ, ಬೆಲ್ಲ, ಅಷ್ಟೇ. ಒಂಬತ್ತರಲ್ಲಿ ಒಂದೂ ಇಲ್ಲ, ಬಾರ್ಲಿ ಇಲ್ಲ, ಜೆಲಟಿನ್ ಇಲ್ಲ. ಒಂದು ಬಟ್ಟಲು ಬೆಲ್ಲಕ್ಕೆ ಸ್ವಲ್ಪ ನೀರು ಹಾಕಿ ಕರಗಿಸಿ, ಶೋಧಿಸಿ, ಮತ್ತೆ ಕುದಿಸಬೇಕು. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಗಟ್ಟಿ ಉಂಡೆಯಾಗುವ ಹದ ಬರಬೇಕು. ಎಳೆಪಾಕಕ್ಕೇ ಇಳಿಸಿದರೆ ಮಂಡಕ್ಕಿ ಮೆತ್ತಗಾಗುತ್ತದೆ, ಉಂಡೆ ಮಾರನೆಯ ದಿನಕ್ಕೆ ಬಿಚ್ಚಿಕೊಳ್ಳುತ್ತದೆ. ಹದ ಬಂದ ಕೂಡಲೇ ನಾಲ್ಕೈದು ಬಟ್ಟಲು ಗರಿಗರಿ ಮಂಡಕ್ಕಿ ಸುರಿದು, ಚಿಟಿಕೆ ಒಣಶುಂಠಿ ಪುಡಿ ಹಾಕಿ, ಬಿಸಿ ಇರುವಾಗಲೇ ನೀರು ಹಚ್ಚಿಕೊಂಡ ಕೈಯಿಂದ ಕಟ್ಟಬೇಕು. ಕಟ್ಟುವ ಕೆಲಸ ದೊಡ್ಡವರದ್ದೇ, ಬೆಲ್ಲದ ಪಾಕ ಸುಟ್ಟರೆ ಬೊಬ್ಬೆ ಏಳುತ್ತದೆ. ಅಲಂಕಾರ ಮಕ್ಕಳದ್ದು. ಉಂಡೆಯನ್ನು ತುಸು ಉದ್ದಕ್ಕೆ ಒತ್ತಿ, ಎರಡು ಒಣದ್ರಾಕ್ಷಿಯ ಕಣ್ಣು, ಕುಂಬಳಬೀಜದ ಹಲ್ಲು ಇಟ್ಟರೆ ಒಳ್ಳೆಯ ತಲೆಬುರುಡೆಯಾಗುತ್ತದೆ. ತೀರ ಚಿಕ್ಕ ಮಕ್ಕಳಿಗೆ ಬೀಜ, ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಅವರ ಉಂಡೆಗೆ ಹಲ್ಲು ಕಣ್ಣು ಬೇಡ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, ‘ಅಯ್ಯೋ, ಹುರಿಗಡಲೆ, ಕೊಬ್ಬರಿ ಹಾಕದೆ ಏನು ರುಚಿನವ್ವಾ?’ ಎಂದಳು. ಎರಡನ್ನೂ ನಾನು ಬೇಕೆಂದೇ ಬಿಟ್ಟಿದ್ದೆ. ಹುರಿಗಡಲೆಯೂ ಶೇಂಗಾದ ಹಾಗೆ ದ್ವಿದಳ ಧಾನ್ಯದ ವಂಶದ್ದು, ಶೇಂಗಾ ಆಗದ ಎಲ್ಲರಿಗೂ ಅದು ಆಗುವುದಿಲ್ಲವೆಂದಲ್ಲ, ಆದರೆ ಕೆಲವರಿಗೆ ಆಗುವುದಿಲ್ಲ. ಕೊಬ್ಬರಿಯನ್ನು ಇಲ್ಲಿಯ ಆಹಾರ ಮತ್ತು ಔಷಧ ಇಲಾಖೆ ವರ್ಷಗಟ್ಟಲೆ ಗೋಡಂಬಿ-ಬಾದಾಮಿಯ ಗುಂಪಿನಲ್ಲೇ ಇಟ್ಟಿತ್ತು, 2025ರ ಜನವರಿಯಲ್ಲಿ ಆ ಪಟ್ಟಿಯಿಂದ ತೆಗೆಯಿತು. ತೆಂಗಿನ ಅಲರ್ಜಿ ಅಪರೂಪ ನಿಜ, ಆದರೆ ಇಲ್ಲಿಯ ಬಹಳ ತಾಯಂದಿರು ಈಗಲೂ ಕೊಬ್ಬರಿ ಎಂದರೆ ಹಿಂದೆಗೆಯುತ್ತಾರೆ. ಅವರು ನೆಮ್ಮದಿಯಿಂದ ಒಂದು ಉಂಡೆಯನ್ನು ಮಗುವಿನ ಕೈಗಿಡಬೇಕು ಎಂಬುದೇ ನನ್ನ ಆಸೆಯಾದ್ದರಿಂದ ರುಚಿಯಲ್ಲಿ ಆ ಒಂದು ಪಾಲು ಬಿಟ್ಟುಕೊಟ್ಟೆ.

ಮಂಡಕ್ಕಿ ಎಲ್ಲಿಂದ ತರುವುದು ಎಂಬುದು ಉಂಡೆಗಿಂತ ದೊಡ್ಡ ಪ್ರಶ್ನೆ. ಮಂಡಕ್ಕಿಯನ್ನೂ ಶೇಂಗಾವನ್ನೂ ಒಂದೇ ಜಾಗದಲ್ಲಿ, ಒಂದೇ ತಕ್ಕಡಿಯಲ್ಲಿ ತೂಗಿ ಪೊಟ್ಟಣ ಕಟ್ಟುವುದು ವಾಡಿಕೆ. ಪೊಟ್ಟಣದ ಮೇಲೆ ‘ಶೇಂಗಾ ಇರಬಹುದು’ ಎಂಬ ಸಾಲು ಇಲ್ಲದಿದ್ದರೆ ಇಲ್ಲವೆಂದು ತಿಳಿಯಬಾರದು. ಪದಾರ್ಥವನ್ನೇ ಹಾಕಿದ್ದರೆ ನಮೂದಿಸಬೇಕೆಂದು ಕಾನೂನಿದೆಯೇ ಹೊರತು, ‘ಇರಬಹುದು’ ಎಂಬ ಎಚ್ಚರಿಕೆ ತಯಾರಕರ ಇಚ್ಛೆಗೆ ಬಿಟ್ಟದ್ದು. ಇದನ್ನು ನಾನು ಸಿಕ್ಕ ಸಿಕ್ಕ ಗೆಳತಿಯರಿಗೆಲ್ಲ ಹೇಳುತ್ತೇನೆ, ಬಹಳ ಜನಕ್ಕೆ ಗೊತ್ತಿಲ್ಲ. ಹಾಗಾಗಿ ತಯಾರಕರಿಗೆ ಫೋನು ಮಾಡಿ, ಅದೇ ಯಂತ್ರದಲ್ಲಿ ಬೇರೆ ಏನು ಹಾಯುತ್ತದೆ ಎಂದು ಕೇಳಿ, ಬೀಜಗಳನ್ನೇ ಒಳಗೆ ಬಿಡದ ಕಾರ್ಖಾನೆಯಿಂದ ಬರುವ ಮಂಡಕ್ಕಿ, ಕುಂಬಳಬೀಜ ಹುಡುಕಿಕೊಂಡೆ. ಸಿಕ್ಕಿದ ಮೇಲೂ ಅಂಗಡಿಯಲ್ಲೊಮ್ಮೆ, ಮನೆಯ ಕಪಾಟಿಗಿಡುವಾಗೊಮ್ಮೆ, ಪೊಟ್ಟಣ ಒಡೆಯುವಾಗೊಮ್ಮೆ ಓದುತ್ತೇನೆ. ಹೋದ ವರ್ಷ ಸರಿಯಿದ್ದದ್ದು ಈ ವರ್ಷ ಬದಲಾಗಿರಬಹುದು.

ಎರಡನೆಯದು ಸೂರ್ಯಕಾಂತಿ ಬೀಜದ ಬಿಸ್ಕತ್ತು. ಇದು ನನಗೆ ಈ ಹಬ್ಬದ ಅತಿ ಪ್ರೀತಿಯ ತಿಂಡಿ. ಶೇಂಗಾ ಬೆಣ್ಣೆಯ ಬದಲು ಸೂರ್ಯಕಾಂತಿ ಬೀಜವನ್ನು ನುಣ್ಣಗೆ ಅರೆದ ಬೆಣ್ಣೆ ಇಲ್ಲಿ ಸಿಗುತ್ತದೆ. ಒಂದು ಬಟ್ಟಲು ಆ ಬೆಣ್ಣೆಗೆ ಮುಕ್ಕಾಲು ಬಟ್ಟಲು ಸಕ್ಕರೆ, ಒಂದು ಚಹಾ ಚಮಚ ಅಡುಗೆ ಸೋಡಾ, ಮೊಟ್ಟೆಯ ಬದಲಿಗೆ ಒಂದು ದೊಡ್ಡ ಚಮಚ ಅಗಸೆಬೀಜದ ಪುಡಿಯನ್ನು ಮೂರು ಚಮಚ ನೀರಿನಲ್ಲಿ ನೆನೆಸಿದ ಲೋಳೆ. ಗೋಧಿ ಹಿಟ್ಟೇ ಬೇಡ. ಒಲೆಯಿಂದ ತೆಗೆದಾಗ ಬಿಸ್ಕತ್ತು ಕಂದು ಬಣ್ಣಕ್ಕಿರುತ್ತದೆ. ಆರಿದ ಮೇಲೆ ಮುರಿದು ನೋಡಿದರೆ ಒಳಗೆಲ್ಲ ಹಸಿರು! ಸೂರ್ಯಕಾಂತಿ ಬೀಜದಲ್ಲಿರುವ ಕ್ಲೋರೊಜೆನಿಕ್ ಆಮ್ಲ ಸೋಡಾದ ಕ್ಷಾರದೊಂದಿಗೆ ಸೇರಿ ಆ ಬಣ್ಣ ತರುತ್ತದೆ. ತಿನ್ನಲು ಏನೂ ತೊಂದರೆಯಿಲ್ಲ. ಬೇರೆ ದಿನಗಳಲ್ಲಿ ಹಸಿರು ಬೇಡವೆನ್ನುವವರು ಸೋಡಾ ಕಡಿಮೆ ಮಾಡಿ ನಿಂಬೆರಸ ಹಿಂಡುತ್ತಾರೆ, ಹ್ಯಾಲೊವೀನ್‌ಗೆ ನಾನು ಹಿಂಡುವುದಿಲ್ಲ. ಮಕ್ಕಳು ಮುರಿದು, ಕಿರುಚಿ, ಒಬ್ಬರಿಗೊಬ್ಬರು ತೋರಿಸಿ ತಿನ್ನುವ ಸಂಭ್ರಮದ ಎದುರು ಅಂಗಡಿಯ ಯಾವ ಚಾಕೊಲೇಟೂ ನಿಲ್ಲದು. ಅಲರ್ಜಿಯ ಮಗುವಿಗಾಗಿ ಮಾಡಿದ್ದು ಎಂಬ ಗುರುತೇ ಅದಕ್ಕಿಲ್ಲ.

ಹಾಲು, ಮೊಟ್ಟೆ, ಬೆಣ್ಣೆ ಇಲ್ಲದೆ ವಿನಿಗರ್-ಸೋಡಾದಿಂದಲೇ ಉಬ್ಬುವ ‘ವ್ಯಾಕಿ ಕೇಕ್’ ಎಂಬ ಹಳೆಯ ಅಮೆರಿಕನ್ ಕೇಕನ್ನೂ ಮಾಡುತ್ತೇನೆ. ಅದರಲ್ಲಿ ಗೋಧಿ ಇರುವುದರಿಂದ ಬೀದಿಯ ಮೇಜಿಗೆ ಒಯ್ಯುವುದಿಲ್ಲ, ಪಕ್ಕದ ಮನೆಯ ಹುಡುಗ ನಮ್ಮಲ್ಲಿಗೆ ಬಂದಾಗ ಮಾತ್ರ.

ಪಾಕವಿಧಾನಕ್ಕಿಂತ ಹೆಚ್ಚು ಶ್ರಮ ಬೇಡುವುದು ಪಾತ್ರೆಗಳು. ಮರದ ಸೌಟು, ಗೀರು ಬಿದ್ದ ತವೆ, ಜರಡಿ, ಹಿಟ್ಟು ಸಿಕ್ಕಿಕೊಳ್ಳುವ ಮಿಕ್ಸಿಯ ತಳ, ಇವುಗಳಲ್ಲಿ ಹಳೆಯ ಅಡುಗೆಯ ಕಣ ಉಳಿಯುತ್ತದೆ. ಈ ತಿಂಡಿಗಳಿಗೆಂದೇ ಒಂದು ಬಾಣಲೆ, ಒಂದು ತಟ್ಟೆ, ಒಂದು ಸೌಟು ಎತ್ತಿಟ್ಟಿದ್ದೇನೆ. ಕೈ ತೊಳೆಯುವುದು ಸೋಪು ನೀರಿನಿಂದಲೇ. ರೋಗಾಣು ಕೊಲ್ಲುವ ಸ್ಯಾನಿಟೈಸರ್ ಶೇಂಗಾದ ಪ್ರೋಟೀನನ್ನು ತೆಗೆಯುವುದಿಲ್ಲ. ಮೇಜಿನ ಮೇಲೆ ತಟ್ಟೆಯ ಜೊತೆ ಒಂದು ಕಾಗದ ಅಂಟಿಸುತ್ತೇನೆ, ಹಾಕಿದ ಪ್ರತಿಯೊಂದು ಪದಾರ್ಥ, ಅದರ ತಯಾರಕರ ಹೆಸರು, ಮಾಡಿದ ಅಡುಗೆಮನೆಯಲ್ಲಿ ಬೇರೇನು ಬಳಸುತ್ತೇವೆ ಎಂಬುದೂ ಸೇರಿ. ‘ಎಲ್ಲ ಸೇಫ್’ ಎಂದು ಬರೆಯುವುದಿಲ್ಲ. ಯಾವ ಮಗುವಿಗೆ ಯಾವುದು ಸೇಫ್ ಎಂದು ನಿರ್ಧರಿಸುವ ಹಕ್ಕು ಅದರ ತಾಯ್ತಂದೆಯರದು. ಪೂರ್ತಿ ಓದಿಯೂ ‘ಬೇಡ, ಥ್ಯಾಂಕ್ಸ್’ ಎಂದವರ ಮೇಲೆ ನನಗೆ ಗೌರವವೇ ಹೆಚ್ಚುತ್ತದೆ.

ಬಾಗಿಲಿಗೆ ಬರುವ ಮಕ್ಕಳಿಗೆ ಮನೆಯ ತಿಂಡಿ ಕೊಡುವುದಿಲ್ಲ. ಗುರುತಿಲ್ಲದ ಮನೆಯಲ್ಲಿ ಮಾಡಿದ್ದನ್ನು ಇಲ್ಲಿ ಯಾರೂ ತಿನ್ನಿಸುವುದಿಲ್ಲ, ಅದು ಸರಿಯೇ. ಟೆನ್ನೆಸ್ಸೀಯ ಅಲರ್ಜಿ ಕುಟುಂಬಗಳ ಒಂದು ಸ್ಥಳೀಯ ಗುಂಪು ನವಿಲುಗರಿಯ ನೀಲಿಹಸಿರು ಬಣ್ಣ ಬಳಿದ ಕುಂಬಳಕಾಯನ್ನು ಬಾಗಿಲ ಬಳಿ ಇಡುವ ಪದ್ಧತಿ ಶುರುಮಾಡಿತು. 2014ರಲ್ಲಿ ಫೇರ್ ಎಂಬ ಅಲರ್ಜಿ ಸಂಸ್ಥೆ ‘ಟೀಲ್ ಪಂಪ್‌ಕಿನ್ ಪ್ರಾಜೆಕ್ಟ್’ ಹೆಸರಿನಲ್ಲಿ ಅದನ್ನು ದೇಶದ ತುಂಬ ಹರಡಿತು. ಆ ಕುಂಬಳಕಾಯಿ ಕಂಡರೆ ತಿನ್ನದ ಉಡುಗೊರೆಯೂ ಈ ಮನೆಯಲ್ಲಿದೆ ಎಂದರ್ಥ. ನಮ್ಮ ಬಾಗಿಲಲ್ಲಿ ಎರಡು ಬುಟ್ಟಿ ಇಡುವುದಿಲ್ಲ, ಎಲ್ಲ ಮಕ್ಕಳಿಗೂ ಒಂದೇ ಬುಟ್ಟಿ. ಕತ್ತಲಲ್ಲಿ ಹೊಳೆಯುವ ಬಳೆ, ಜೇಡದ ಉಂಗುರ, ಸ್ಟಿಕ್ಕರು, ಪೆನ್ಸಿಲು. ಬಣ್ಣದ ಆಟದ ಹಿಟ್ಟು ಕೊಳ್ಳುವಾಗ ಮಾತ್ರ ಎಚ್ಚರ ಬೇಕು, ಅಂಥವುಗಳಲ್ಲಿ ಗೋಧಿ ಇರುವುದುಂಟು. ಮಿಠಾಯಿ ಸಿಗಲಿಲ್ಲವೆಂದು ಮುಖ ಸಣ್ಣ ಮಾಡಿದ ಮಗುವನ್ನು ನಾನಂತೂ ಕಂಡಿಲ್ಲ, ಹೊಳೆಯುವ ಬಳೆ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತದೆ.

2024ರಲ್ಲಿ ಹ್ಯಾಲೊವೀನ್, ನರಕ ಚತುರ್ದಶಿ ಒಂದೇ ದಿನ ಬಂದವು. ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ಮಾಟಗಾತಿಯ ಟೊಪ್ಪಿಗೆ. ಕಾಜು ಬರ್ಫಿ, ಪಿಸ್ತಾ ರೋಲುಗಳ ಡಬ್ಬಿಗಳು ಸುತ್ತ ಹರಿದಾಡುವ ದೀಪಾವಳಿಯೇ ನಮಗೆ ಹೆಚ್ಚು ಅಪಾಯದ್ದು ಎಂದು ನನ್ನ ಅನಿಸಿಕೆಯಿತ್ತು. ಆದರೆ 2020ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಬೇರೆಯದೇ ಹೇಳಿತ್ತು. ಶೇಂಗಾ, ಗೋಡಂಬಿ-ಬಾದಾಮಿಗಳಿಂದ ಮಕ್ಕಳಿಗಾಗುವ ತೀವ್ರ ಅಲರ್ಜಿ ಹ್ಯಾಲೊವೀನ್, ಈಸ್ಟರ್ ಹೊತ್ತಿನಲ್ಲಿ ಏರಿತ್ತು, ದೀಪಾವಳಿ, ಈದ್, ಕ್ರಿಸ್‌ಮಸ್ ಹೊತ್ತಿನಲ್ಲಿ ಏರಿರಲಿಲ್ಲ. ನನಗೆ ತೋರುವ ಕಾರಣ ಇದು. ದೀಪಾವಳಿಯ ಸಿಹಿ ಮನೆಯವರ ಕಣ್ಣೆದುರು ಬಾಯಿಗೆ ಹೋಗುತ್ತದೆ, ಕೊಟ್ಟವರು ಯಾರೆಂದು ಗೊತ್ತಿರುತ್ತದೆ, ಕೇಳಬಹುದು. ಹ್ಯಾಲೊವೀನ್‌ನದು ಗುರುತಿಲ್ಲದವರ ಕೈಯಿಂದ ಬಂದು, ಕತ್ತಲಲ್ಲಿ, ನಡೆಯುತ್ತಲೇ ಬಾಯಿಗೆ ಬೀಳುತ್ತದೆ. ಅದಕ್ಕೇ ನಮ್ಮ ಮನೆಯ ನಿಯಮ: ಬೀದಿಯಲ್ಲಿ ಏನೂ ತಿನ್ನುವಂತಿಲ್ಲ, ಹೊರಡುವ ಮೊದಲೇ ಹೊಟ್ಟೆ ತುಂಬ ಊಟ. ಎಪಿನೆಫ್ರಿನ್ ಚುಚ್ಚುಮದ್ದಿನ ಪೆನ್ನುಗಳು ಜೊತೆಗಿರುವ ದೊಡ್ಡವರ ಹೆಗಲ ಚೀಲದಲ್ಲಿ, ಕಾರಿನಲ್ಲಲ್ಲ. ಉಸಿರು ಕಟ್ಟಿದರೆ, ದದ್ದಿನ ಜೊತೆ ವಾಂತಿಯೂ ಶುರುವಾದರೆ ಅಲರ್ಜಿ ಮಾತ್ರೆ ಕೊಟ್ಟು ಕಾಯುವಂತಿಲ್ಲ. ಮೊದಲು ತೊಡೆಯ ಹೊರಭಾಗಕ್ಕೆ ಚುಚ್ಚುಮದ್ದು, ಕೂಡಲೇ 911ಕ್ಕೆ ಕರೆ.

ಈಗ ಸಂಕ್ರಾಂತಿಯ ಚರ್ಚೆ ನಡೆದಿದೆ. ನಮ್ಮ ಕನ್ನಡ ಬಳಗದಲ್ಲಿ ಎಳ್ಳುಬೆಲ್ಲದ ಪೊಟ್ಟಣ ಕಟ್ಟುವಾಗ ಶೇಂಗಾ ಬಿಡೋಣ ಎಂದರೆ ಯಾರೂ ಬೇಡವೆನ್ನಲಿಲ್ಲ. ಆದರೆ ತಿರುವಿನಾಚೆಯ ಮನೆಯ ಪುಟ್ಟಿ ನನ್ನ ಮಗಳ ಜೊತೆ ಹಬ್ಬಕ್ಕೆ ಬರುತ್ತಾಳೆ, ಅವಳಿಗೆ ಎಳ್ಳೇ ಆಗದು. ಹಿರಿಯರೊಬ್ಬರು, ‘ಎಳ್ಳನ್ನೇ ಬಿಟ್ಟರೆ ಹಬ್ಬ ಹೇಗಾಗುತ್ತದಮ್ಮ?’ ಎಂದರು. ಅವರ ಮಾತಿನಲ್ಲೂ ನ್ಯಾಯವಿದೆ. ಮಾತುಕತೆಯ ಕೊನೆಗೆ ಸಿಕ್ಕ ಏರ್ಪಾಡು ಹೀಗಿದೆ. ಎಳ್ಳುಬೆಲ್ಲವನ್ನು ಅವರವರ ಮನೆಯಲ್ಲೇ ಬೀರುವುದು. ಮಕ್ಕಳೆಲ್ಲ ಸೇರುವ ಸಭಾಂಗಣದಲ್ಲಿ ಕಬ್ಬು, ಬಾಳೆಹಣ್ಣು, ಸಕ್ಕರೆ ಅಚ್ಚು ಮಾತ್ರ. ಅಚ್ಚಿನ ಪಾಕದ ಕೊಳೆ ತೆಗೆಯಲು ಹಾಕುವ ಹಾಲನ್ನು ಪಕ್ಕದ ಮನೆಯ ಹುಡುಗನಿಗಾಗಿ ಬಿಡಬೇಕು. ಹಾಲಿಲ್ಲದೆ ಅಚ್ಚು ಬಿಳುಪಾಗಿ ಬರುತ್ತದೆಯೋ ಇಲ್ಲವೋ ನೋಡಲು ಅಮ್ಮನ ಹಳೆಯ ಮರದಚ್ಚು ತರಿಸಿದ್ದೇನೆ. ಬರುವ ಶನಿವಾರ ನಾಲ್ಕು ಮನೆಯವರು ಸೇರಿ ಮೊದಲ ಪಾಕ ಇಡುತ್ತಿದ್ದೇವೆ.