ಬಿರಡೆಯೂ ಅದನ್ನು ಕೊಡುವ ಕಾಡೂ

ಬ್ಯಾಡ್ಮಿಂಟನ್ ಆಟದ ಗರಿಚೆಂಡಿನ ಬುಡವನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ನೋಡಿದ್ದಾರೆ. ಕ್ರಿಕೆಟ್ ಚೆಂಡಿನ ತೊಗಲನ್ನು ಬಿಚ್ಚಿ, ಒಳಗೆ ಸುತ್ತಿದ ನೂಲನ್ನು ಕಳಚಿ ನೋಡಿದವರು ಅದರ ನಡುವಿನಲ್ಲಿಯೂ ಅದೇ ವಸ್ತುವನ್ನು ಕಂಡಿರಬಹುದು. (ಹಾಗೆ ಕಳಚಿದವರು ಯಾರೆಂದು ನಾವು ಇಲ್ಲಿ ವಿಚಾರಿಸುವುದಿಲ್ಲ.) ಪ್ರಯೋಗಶಾಲೆಯ ಹಳೆಯ ಸೀಸೆಗಳ ಬಾಯಿಗೆ ಇಡುತ್ತಿದ್ದ ಬಿರಡೆಯೂ ಅದರಿಂದಲೇ ಆದುದು. ಕೈಗೆತ್ತಿಕೊಂಡರೆ ಹಗುರ, ಒತ್ತಿದರೆ ಮೆತ್ತನೆ, ನೀರಿನಲ್ಲಿ ಮುಳುಗದು. ಇದೇನೆಂದು ತರಗತಿಯಲ್ಲಿ ಕೇಳಿದರೆ ರಬ್ಬರಿನ ಒಂದು ಜಾತಿಯೆಂದೋ, ಮರದ ಪುಡಿಯನ್ನು ಅಂಟಿಸಿ ಮಾಡಿದ್ದೆಂದೋ ಉತ್ತರ ಬರುವುದುಂಟು. ಕಾರ್ಕ್ ಎಂಬ ಈ ವಸ್ತುವು ಒಂದು ಮರದ ತೊಗಟೆ. ಆ ಮರವನ್ನು ಕಡಿಯದೆ, ಕೊಲ್ಲದೆ, ಇನ್ನೂರು ವರ್ಷಗಳ ತನಕ ಅದರ ಮೈಯಿಂದ ಮತ್ತೆ ಮತ್ತೆ ಸುಲಿದು ತೆಗೆಯುವ ತೊಗಟೆ.

ನಮ್ಮಲ್ಲಿ ಆಕಾಶಮಲ್ಲಿಗೆಗೆ ಬಿರಟೆಮರವೆಂಬ ಹೆಸರೂ ಉಂಟು. ಅದರ ತೊಗಟೆಯಿಂದಲೂ ಹಿಂದೆ ಒಂದು ಬಗೆಯ ಕೀಳುತರದ ಬಿರಡೆಯನ್ನು ಮಾಡುತ್ತಿದ್ದರು. ಆದರೆ ನಿಜವಾದ ಕಾರ್ಕ್ ಓಕ್ ಮರಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಓಕ್ ಮರವು ಭೂಮಧ್ಯ ಸಮುದ್ರದ ಪಶ್ಚಿಮ ಭಾಗದ ದೇಶಗಳದು: ಪೋರ್ತುಗಲ್, ಸ್ಪೇನ್, ಮೊರಾಕೊ, ಅಲ್ಜೀರಿಯ, ಟ್ಯುನೀಸಿಯ, ಇಟಲಿ, ಫ್ರಾನ್ಸ್. ಎಲ್ಲ ಸೇರಿ ಸುಮಾರು 21 ಲಕ್ಷ ಹೆಕ್ಟೇರು ಕಾಡು. ಇದರಲ್ಲಿ ಮೂರನೆಯ ಒಂದು ಪಾಲು ಪೋರ್ತುಗಲ್ಲಿನಲ್ಲಿಯೇ ಇದ್ದು, ಪ್ರಪಂಚದ ಕಾರ್ಕಿನಲ್ಲಿ ಹೆಚ್ಚುಕಡಮೆ ಅರ್ಧವು ಆ ಸಣ್ಣ ದೇಶದಿಂದ ಬರುತ್ತದೆ. ಪೋರ್ತುಗೀಸರು ನಮ್ಮ ಕರಾವಳಿಗೆ ಹೊಸಬರಲ್ಲ. ನಮ್ಮ ಗುಡ್ಡೆಗಳಿಗೆ ಗೇರುಮರವನ್ನು ತಂದವರೂ, ನಮ್ಮ ಮನೆಗಳಲ್ಲಿ 'ಜನೆಲು', 'ಚಾವಿ' ಮುಂತಾದ ಮಾತುಗಳನ್ನು ಬಿಟ್ಟುಹೋದವರೂ ಅವರೇ. ತಮ್ಮ ಬಿರಡೆಮರವನ್ನು 2011ರಲ್ಲಿ ಅವರು ರಾಷ್ಟ್ರವೃಕ್ಷವೆಂದು ಸಾರಿದರು.

ಇಲ್ಲಿ ಒಂದು ಮಾತನ್ನು ಪೋಷಕರಿಗೆ ತಿಳಿಸಿ ಮುಂದುವರಿಯುತ್ತೇವೆ. ಕಾರ್ಕಿನ ವ್ಯಾಪಾರದಿಂದ ಬರುವ ಹಣದ ಬಹುಭಾಗವು ದ್ರಾಕ್ಷಾರಸದ ಮದ್ಯವಾದ ವೈನಿನ ಬಾಟಲಿಗಳಿಗೆ ಹಾಕುವ ಬಿರಡೆಯಿಂದಲೇ ಬರುತ್ತದೆ. ಆದುದರಿಂದ ಬಿರಡೆಯ ವಿಷಯವನ್ನು ಹೇಳುವಾಗ ವೈನಿನ ಹೆಸರನ್ನೆತ್ತದೆ ಗತಿಯಿಲ್ಲ. ಬಾಟಲಿಯ ಒಳಗಿನದರ ಗುಣಗಾನ ನಮ್ಮ ಉದ್ದೇಶವಲ್ಲ. ಅದರ ಬಾಯಿಯಲ್ಲಿರುವ ನಾಲ್ಕು ಗ್ರಾಮಿನ ತುಂಡು ಒಂದು ಕಾಡನ್ನು ಹೇಗೆ ಹಿಡಿದು ನಿಲ್ಲಿಸಿದೆ ಎಂಬುದೇ ನಮ್ಮ ಪಾಠ.

ರಬ್ಬರ್ ತೋಟವನ್ನು ಕಂಡ ನಮ್ಮ ಊರಿನ ಮಕ್ಕಳಿಗೆ ಈ ಕೆಲಸದ ಮರ್ಮವನ್ನು ತಿಳಿಸುವುದು ಸುಲಭ. ಟ್ಯಾಪಿಂಗ್ ಮಾಡುವವನು ಮರದ ತೊಗಟೆಯನ್ನು ಎಷ್ಟು ತೆಳುವಾಗಿ ಕೊರೆಯುತ್ತಾನೆ! ಕತ್ತಿ ಕೂದಲೆಳೆಯಷ್ಟು ಆಳ ಹೋದರೆ ಮರಕ್ಕೆ ಗಾಯ, ಮೇಲಾದರೆ ಹಾಲು ಕಡಮೆ. ಕಾರ್ಕ್ ಸುಲಿಯುವವನಿಗೂ ಇದೇ ಕಷ್ಟ. ಆ ಮರದಲ್ಲಿ ಹೊರತೊಗಟೆಯ ಒಳಮಗ್ಗುಲಿಗೆ ತೊಗಟೆಯನ್ನು ಹುಟ್ಟಿಸುವ ಒಂದು ಪದರವಿದೆ. ಮೇ ತಿಂಗಳ ನಡುವಿನಿಂದ ಆಗಸ್ಟಿನವರೆಗೆ ಮರವು ಚುರುಕಾಗಿ ಬೆಳೆಯುವ ಕಾಲದಲ್ಲಿ ಹೊರತೊಗಟೆಯು ಒಳತೊಗಟೆಯಿಂದ ಸಡಿಲಗೊಂಡು ಸುಲಭವಾಗಿ ಕಳಚಿ ಬರುತ್ತದೆ. ಕೆಲಸಗಾರನು ಕೊಡಲಿಯಿಂದ ಉದ್ದಕ್ಕೆ ಒಂದು ಗೀರು ಹಾಕಿ, ಅಲಗನ್ನು ತಿರುಚಿ ಬಿರುಕನ್ನು ಅಗಲಿಸಿ, ಕೊಡಲಿಯ ಹಿಡಿಯ ಚೂಪಾದ ತುದಿಯಿಂದ ಮೀಟಿ, ಹಲಗೆಯಂತೆ ಇಡಿಯಾಗಿ ಎಬ್ಬಿಸುತ್ತಾನೆ. ಏಟು ಆಳಕ್ಕೆ ಬಿದ್ದರೆ ಅಲ್ಲಿ ಮತ್ತೆ ಒಳ್ಳೆಯ ತೊಗಟೆ ಹುಟ್ಟದು. ಆದಕಾರಣ ಇದು ವರ್ಷಗಟ್ಟಲೆ ಕಲಿತ ಕೈಗಳ ಕೆಲಸ. ಆ ದೇಶದ ಬೇಸಾಯದ ಕೂಲಿಗಳಲ್ಲಿ ಅತಿ ಹೆಚ್ಚಿನ ಸಂಬಳ ದೊರೆಯುವ ಕೆಲಸಗಳಲ್ಲಿ ಇದೂ ಒಂದು. ತೊಗಟೆ ಕಳಚಿದ ಕಾಂಡವು ಮೊದಲು ಹಳದಿ, ಬಳಿಕ ಇಟ್ಟಿಗೆಗೆಂಪು, ಕೊನೆಗೆ ಕಪ್ಪು ಬಣ್ಣಕ್ಕೆ ತಿರುಗುತ್ತದೆ.

ಸಸಿ ನೆಟ್ಟ ಮೇಲೆ ಮೊದಲ ತೊಗಟೆಗೆ ಸುಮಾರು 25 ವರ್ಷ ಕಾಯಬೇಕು. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ 70 ಸೆಂಟಿಮೀಟರ್ ಆಗುವ ತನಕ ಸುಲಿಯುವಂತಿಲ್ಲ. ಮುಂದೆಯೂ ಒಂದು ಸುಲಿಗೆಗೂ ಇನ್ನೊಂದಕ್ಕೂ ಒಂಬತ್ತು ವರ್ಷಗಳಿಗೆ ಕಡಮೆಯಿಲ್ಲದ ಅಂತರ ಇರಲೇಬೇಕೆಂದು ಪೋರ್ತುಗಲ್ಲಿನ ಕಾಯಿದೆ. ಯಾವ ಎತ್ತರದವರೆಗೆ ಸುಲಿಯಬಹುದೆಂಬುದಕ್ಕೂ ಕಟ್ಟುಪಾಡು ಉಂಟು. ಮರವನ್ನು ಕಡಿಯಬೇಕಾದರಂತೂ, ಅದು ಸ್ವಂತ ಭೂಮಿಯ ಮರವೇ ಆಗಿದ್ದರೂ, ಸರಕಾರದ ಅಪ್ಪಣೆ ಬೇಕು. ಸುಲಿದ ವರ್ಷದ ಕೊನೆಯ ಅಂಕೆಯನ್ನು ಕಾಂಡದ ಮೇಲೆ ಬಿಳಿ ಬಣ್ಣದಿಂದ ಬರೆದಿಡುತ್ತಾರೆ. '4' ಎಂದಿದ್ದರೆ 2024ರಲ್ಲಿ ಸುಲಿದುದು, 2033ರವರೆಗೆ ಮುಟ್ಟಬಾರದು ಎಂದರ್ಥ. ಆವರ್ತವು ಒಂಬತ್ತು ವರ್ಷದ್ದಾದುದರಿಂದ ಒಂದೇ ಅಂಕೆ ಸಾಕಾಗುತ್ತದೆ. ಹತ್ತನ್ನು ಮೀರಿದ್ದರೆ ಗೊಂದಲವಾಗುತ್ತಿತ್ತು ಎಂಬುದನ್ನು ಗಣಿತಪ್ರಿಯರು ಗಮನಿಸಬೇಕು.

ಇಷ್ಟು ಕಾದು ತೆಗೆದ ಮೊದಲ ತೊಗಟೆ ಬಿರಡೆಗೆ ಬರುವುದಿಲ್ಲ. ಅದು ಒರಟು, ಬಿರುಕಿನದು. ಪುಡಿಮಾಡಿ ನೆಲಹಾಸಿಗೋ ಗೋಡೆಯ ಹೊದಿಕೆಗೋ ಬಳಸಬೇಕು. ಎರಡನೆಯ ಸಲದ್ದೂ ಸಾಲದು. ಮೂರನೆಯ ಸುಲಿಗೆಯಲ್ಲಿ, ಎಂದರೆ ಮರಕ್ಕೆ ಸುಮಾರು 43 ವರ್ಷವಾದಾಗ, ಬಿರಡೆಗೆ ತಕ್ಕ ನಯವಾದ ತೊಗಟೆ ಸಿಗುತ್ತದೆ. ಅಜ್ಜ ನೆಟ್ಟದ್ದು ಮೊಮ್ಮಗನಿಗೆ ಎಂಬ ಮಾತು ಅಲ್ಲಿ ಬರಿಯ ಮಾತಲ್ಲ, ಲೆಕ್ಕದ ಪುಸ್ತಕದ ಸಂಗತಿ. ಆಗ್ವಸ್ ದೆ ಮೋರ ಎಂಬ ಊರಿನಲ್ಲಿ 1783ರಲ್ಲಿ ನೆಟ್ಟ ಒಂದು ಮರವು ಇಂದಿಗೂ ನಿಂತಿದೆ. ಅದರ ಕೊಂಬೆಗಳಲ್ಲಿ ಸೇರುವ ಹಕ್ಕಿಗಳ ದನಿಯಿಂದಾಗಿ ಅದಕ್ಕೆ ಸಿಳ್ಳುಹಾಕುವ ಮರವೆಂದು ಹೆಸರು. 1991ರ ಒಂದೇ ಸುಲಿಗೆಯಲ್ಲಿ ಅದು ಒಂದು ಲಕ್ಷಕ್ಕೂ ಹೆಚ್ಚು ಬಿರಡೆಗಳಿಗೆ ಆಗುವಷ್ಟು ತೊಗಟೆ ಕೊಟ್ಟಿತು. 2018ರಲ್ಲಿ ಯೂರೋಪಿನ ಆ ವರ್ಷದ ಮರವೆಂಬ ಗೌರವವನ್ನು ಪಡೆಯಿತು.

ಕಾರ್ಕಿನ ಒಳರಚನೆಯು ವಿಜ್ಞಾನದ ವಿದ್ಯಾರ್ಥಿಗಳಿಗೆ ವಿಶೇಷ ಸ್ವಾರಸ್ಯದ್ದು. ಏಕೆಂದರೆ ಜೀವಕೋಶಕ್ಕೆ ಇಂಗ್ಲಿಷಿನಲ್ಲಿ ಇರುವ ಹೆಸರು ಹುಟ್ಟಿದುದು ಇದರಿಂದಲೇ. ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಕಾರ್ಕಿನ ತೆಳ್ಳನೆಯ ಸೀಳೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಜೇನುಹುಟ್ಟಿನಂಥ ಪುಟ್ಟ ಪುಟ್ಟ ಕೋಣೆಗಳನ್ನು ಕಂಡು, ಅವಕ್ಕೆ 'ಸೆಲ್' ಎಂದು ಹೆಸರಿಟ್ಟು, 1665ರಲ್ಲಿ ತನ್ನ 'ಮೈಕ್ರೊಗ್ರಾಫಿಯ' ಗ್ರಂಥದಲ್ಲಿ ಪ್ರಕಟಿಸಿದನು. ಒಂದು ಘನ ಅಂಗುಲದಲ್ಲಿ 120 ಕೋಟಿಗೂ ಹೆಚ್ಚು ಕೋಣೆಗಳಿರಬೇಕೆಂದು ಅವನ ಎಣಿಕೆ. ಈಗಿನವರ ಅಂದಾಜು ಒಂದು ಘನ ಸೆಂಟಿಮೀಟರಿಗೆ ಸುಮಾರು 4 ಕೋಟಿ. ಒಂದು ಅಂಗುಲಕ್ಕೆ 2.54 ಸೆಂಟಿಮೀಟರ್ ಎಂದು ಹಿಡಿದು, ಹುಕ್ಕನ ಲೆಕ್ಕವು ಎಷ್ಟು ಪಾಲು ಹೆಚ್ಚೆಂಬುದನ್ನು ಎಂಟನೆಯ ತರಗತಿಯವರು ಮಾಡಿ ನೋಡಲಿ. ಮುನ್ನೂರ ಅರುವತ್ತು ವರ್ಷಗಳ ಹಿಂದಿನ ಉಪಕರಣಕ್ಕೆ ಅದು ದೊಡ್ಡ ದೋಷವೇನೂ ಅಲ್ಲವೆಂದು ನಮ್ಮ ಅಭಿಪ್ರಾಯ.

ಆ ಕೋಣೆಗಳು ಸತ್ತ ಕೋಶಗಳು. ಒಳಗೆ ತುಂಬಿರುವುದು ಬಹುಮಟ್ಟಿಗೆ ಗಾಳಿ. ಗೋಡೆಗಳಲ್ಲಿ ಸುಬೆರಿನ್ ಎಂಬ ಮೇಣದಂಥ ವಸ್ತುವಿರುವುದರಿಂದ ನೀರು ನುಗ್ಗಲಾರದು. ರಬ್ಬರಿನ ತುಂಡನ್ನು ಮೇಲಿನಿಂದ ಒತ್ತಿದರೆ ಅದು ಪಕ್ಕಕ್ಕೆ ಉಬ್ಬುತ್ತದೆ. ಕಾರ್ಕನ್ನು ಒತ್ತಿದರೆ ಪಕ್ಕಕ್ಕೆ ಉಬ್ಬುವುದು ಇಲ್ಲವೆಂಬಷ್ಟು ಕಡಮೆ. ಗಾಳಿಯ ಕೋಣೆಗಳೇ ಕುಗ್ಗಿ ಮಡಿಸಿಕೊಳ್ಳುತ್ತವೆ. ಈ ಗುಣದಿಂದಲೇ 24 ಮಿಲಿಮೀಟರ್ ದಪ್ಪದ ಬಿರಡೆಯನ್ನು ಅದಕ್ಕಿಂತ ಎಷ್ಟೋ ಕಿರಿದಾದ ಬಾಟಲಿಯ ಕೊರಳಿಗೆ ತಳ್ಳಲು ಸಾಧ್ಯ. ಒಳಹೊಕ್ಕ ಬಿರಡೆಯು ಮತ್ತೆ ಹಿಗ್ಗಿ, ಗಾಜಿಗೆ ಒತ್ತಿಕೊಂಡು ಹತ್ತಾರು ವರ್ಷ ನಿಲ್ಲುತ್ತದೆ.

ಕಾರಖಾನೆಯ ಕೆಲಸವನ್ನು ವಿಸ್ತರಿಸಬೇಕಾಗಿಲ್ಲ. ಸುಲಿದ ಹಲಗೆಗಳನ್ನು ಆರು ತಿಂಗಳು ಬಯಲಿನಲ್ಲಿ ಮಳೆಬಿಸಿಲಿಗೆ ಒಡ್ಡಿ, ಕುದಿನೀರಿನಲ್ಲಿ ಬೇಯಿಸಿ, ಪಟ್ಟಿಯಾಗಿ ಕತ್ತರಿಸಿ, ಬಿರಡೆಗಳನ್ನು ಕೊರೆದು ತೆಗೆಯುತ್ತಾರೆ. ಉಳಿದ ಚೂರುಗಳನ್ನು ಪುಡಿಮಾಡಿ ಅಗ್ಗದ ಬಿರಡೆ, ನೆಲಹಾಸು ಮುಂತಾದವುಗಳಿಗೆ ಬಳಸುತ್ತಾರೆ. ಅದಕ್ಕೂ ಬಾರದ ದೂಳು ಒಲೆಗೆ ಉರುವಲು.

ಇನ್ನು ಕಾಡಿನ ವಿಷಯ. ಪೋರ್ತುಗಲ್ಲಿನ ಅಲೆಂಟೇಜೊ ಎಂಬ ಒಣಪ್ರದೇಶದಲ್ಲಿ ಇದಕ್ಕೆ 'ಮೊಂಟಾಡೊ' ಎನ್ನುತ್ತಾರೆ. ಇದು ದಟ್ಟವಾದ ಅಡವಿಯೂ ಅಲ್ಲ, ಸಾಲಾಗಿ ನೆಟ್ಟ ತೋಟವೂ ಅಲ್ಲ. ಅಲ್ಲೊಂದು ಇಲ್ಲೊಂದು ಓಕ್ ಮರ, ನಡುವೆ ಹುಲ್ಲು. ಮೇಯುವ ಕುರಿ, ದನ. ಉದುರಿದ ಓಕ್ ಕಾಯಿಗಳನ್ನು ತಿಂದು ಕೊಬ್ಬುವ ಹಂದಿ. ಕೆಲವೆಡೆ ಮರದಡಿಯಲ್ಲಿ ಧಾನ್ಯದ ಬೆಳೆಯೂ ಉಂಟು. ಮನುಷ್ಯನೇ ನೂರಾರು ವರ್ಷ ಸವರಿ, ಮೇಯಿಸಿ, ಕಾದುಕೊಂಡು ಬಂದ ಕಾಡು ಇದು. ಅಪರೂಪದ ಐಬೀರಿಯದ ಚಕ್ರವರ್ತಿ ಹದ್ದಿಗೂ ಕರಿಕೊಕ್ಕರೆಗೂ ಇಲ್ಲಿ ಆಸರೆ. 2002ರ ಎಣಿಕೆಯಲ್ಲಿ ನೂರಕ್ಕೂ ಕಡಮೆಯಾಗಿದ್ದ ಐಬೀರಿಯದ ಲಿಂಕ್ಸ್ ಎಂಬ ಕಾಡುಬೆಕ್ಕಿನ ಸಂತತಿಯು ಸಾಕಿ ಬಿಡುವ ಪ್ರಯತ್ನಗಳಿಂದ ಎರಡು ಸಾವಿರದಾಚೆಗೆ ಏರಿದೆ; ಅವುಗಳನ್ನು ತಂದು ಬಿಟ್ಟಾಗ ನೆಲೆಸಲು ಇಂಥ ಮರ, ಪೊದೆ, ಮೊಲಗಳಿರುವ ನೆಲ ಉಳಿದಿದ್ದುದೂ ಮುಖ್ಯ. ಬೇಸಗೆಯ ಕಾಳ್ಗಿಚ್ಚು ಅಲ್ಲಿ ಪ್ರತಿವರ್ಷದ ಭಯ. ದಪ್ಪ ತೊಗಟೆಯ ಈ ಮರವು ಬೆಂಕಿ ಹಾದುಹೋದ ಮೇಲೂ ಮತ್ತೆ ಚಿಗುರಬಲ್ಲದು. ಹೊಸದಾಗಿ ತೊಗಟೆ ಸುಲಿದ ಮರಕ್ಕೆ ಮಾತ್ರ ಆ ರಕ್ಷೆ ಇಲ್ಲ.

ಈ ಕಾಡು ನಿಂತಿರುವುದು ಕೇವಲ ಕಾಯಿದೆಯಿಂದಲ್ಲ. ಅದರ ಬಹುಭಾಗವು ಖಾಸಗಿ ಒಡೆಯರದು. ಒಂಬತ್ತು ವರ್ಷಕ್ಕೊಮ್ಮೆ ತೊಗಟೆಯಿಂದ ಹಣ ಬರುತ್ತದೆಂಬ ನಂಬಿಕೆಯಿಂದ ಅವರು ಪೊದೆಯನ್ನು ಸವರುತ್ತಾರೆ, ಎಳೆಯ ಸಸಿಯನ್ನು ದನದ ಬಾಯಿಯಿಂದ ಕಾಪಾಡುತ್ತಾರೆ. ತೊಗಟೆಗೆ ಬೆಲೆಯಿಲ್ಲವಾದರೆ ಕಡಿಯಬಾರದೆಂಬ ಕಾಯಿದೆಯು ಮುದಿಮರವನ್ನು ಉಳಿಸೀತೇ ಹೊರತು ಹೊಸ ಸಸಿಯನ್ನು ನೆಡಿಸಲಾರದು.

ಆ ಬೆಲೆಗೆ ಸಂಚಕಾರ ಬಂದುದು ಬಿರಡೆಯದೇ ಒಂದು ದೋಷದಿಂದ. ಕೆಲವು ಬಾಟಲಿಗಳ ವೈನಿಗೆ ಒದ್ದೆ ಕಾಗದದಂಥ ಮುಗ್ಗುಲು ವಾಸನೆ ಹಿಡಿಯುತ್ತಿತ್ತು. ಇದಕ್ಕೆ ಮುಖ್ಯ ಕಾರಣ ಟ್ರೈಕ್ಲೋರೊಅನಿಸೋಲ್ ಎಂಬ ರಾಸಾಯನಿಕವೆಂದು 1981ರಲ್ಲಿ ಸ್ವಿಟ್ಜರ್ಲೆಂಡಿನ ಹಾನ್ಸ್ ಟಾನ್ನರ್ ಎಂಬ ವಿಜ್ಞಾನಿ ಕಂಡುಹಿಡಿದನು. ಕ್ಲೋರಿನ್ ಸೇರಿದ ಕೆಲವು ವಸ್ತುಗಳನ್ನು ಬೂಷ್ಟು ಮಾರ್ಪಡಿಸಿದಾಗ ಇದು ಹುಟ್ಟುತ್ತದೆ. ಒಂದು ಲೀಟರಿನಲ್ಲಿ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಒಂದು ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯ ಒಂದು ಪಾಲು. ಕಾರಣ ತಿಳಿದ ಮೇಲೂ ಕಾರ್ಕಿನ ವರ್ತಕರು ಬಹುಕಾಲ ಉದಾಸೀನರಾಗಿದ್ದರು. ಬೇರೆ ಗತಿಯಿಲ್ಲದ ಗಿರಾಕಿ ಎಲ್ಲಿಗೆ ಹೋದಾನು ಎಂಬ ಭಾವನೆ ಇದ್ದಿರಬೇಕು. ಗಿರಾಕಿ ಹೋದನು. ಮೊದಲು ಪ್ಲಾಸ್ಟಿಕ್ಕಿನ ಬಿರಡೆಗಳು ಬಂದುವು. 2000ದಲ್ಲಿ ಆಸ್ಟ್ರೇಲಿಯದ ಕ್ಲೇರ್ ಕಣಿವೆಯ ಉತ್ಪಾದಕರು ಒಟ್ಟಾಗಿ ತಿರುಪಿನ ಅಲ್ಯುಮಿನಿಯಂ ಮುಚ್ಚಳಕ್ಕೆ ಬದಲಾಯಿಸಿದರು; 2001ರಲ್ಲಿ ನ್ಯೂಜಿಲೆಂಡಿನವರೂ ಅದೇ ದಾರಿ ಹಿಡಿದರು. 2006ರಲ್ಲಿ ವಿಶ್ವ ವನ್ಯಜೀವಿ ನಿಧಿಯು, ಬಿರಡೆಯ ಬೇಡಿಕೆ ಹೀಗೆಯೇ ಇಳಿದರೆ ಹತ್ತು ವರ್ಷಗಳಲ್ಲಿ ಈ ಕಾಡುಗಳ ಮುಕ್ಕಾಲು ಪಾಲು ನಷ್ಟವಾದೀತೆಂದು ಎಚ್ಚರಿಕೆ ಕೊಟ್ಟಿತು.

ಆ ಹತ್ತು ವರ್ಷಗಳು ಕಳೆದುವು. ಅಂಥ ನಾಶ ಸಂಭವಿಸಲಿಲ್ಲ. ಏಟು ತಿಂದ ಕಾರ್ಕಿನವರು ಎಚ್ಚತ್ತುಕೊಂಡರು. ಕ್ಲೋರಿನ್ನಿನಿಂದ ತೊಳೆಯುವುದನ್ನು ಬಿಟ್ಟರು. ಹಬೆಯಿಂದ ಶುದ್ಧಿಗೊಳಿಸುವುದು, ಬಿರಡೆಗಳನ್ನು ಒಂದೊಂದಾಗಿ ಯಂತ್ರದಲ್ಲಿ ಪರೀಕ್ಷಿಸುವುದು ರೂಢಿಗೆ ಬಂದಿತು. ದೋಷವು ಬಹಳ ಮಟ್ಟಿಗೆ ಇಳಿದಿದೆ.

ಪರಿಸರದ ಲೆಕ್ಕದಲ್ಲಿ ಕಾರ್ಕೇ ಮೇಲೆಂದು ತೋರಿಸುವ ಅಂಕಿಗಳೂ ಪ್ರಕಟವಾದುವು. 2008ರ ಒಂದು ಅಧ್ಯಯನದ ಪ್ರಕಾರ, ಕಾರ್ಕ್ ಬಿರಡೆಗೆ ಹೋಲಿಸಿದರೆ ಪ್ಲಾಸ್ಟಿಕ್ಕಿನದರಿಂದ 10 ಪಾಲೂ ಅಲ್ಯುಮಿನಿಯಂ ಮುಚ್ಚಳದಿಂದ 24 ಪಾಲೂ ಹೆಚ್ಚು ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಆದರೆ ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆಯನ್ನು ಕೇಳತಕ್ಕದ್ದು: ಈ ಅಧ್ಯಯನವನ್ನು ಮಾಡಿಸಿದವರು ಯಾರು? ಪೋರ್ತುಗಲ್ಲಿನ ಅಮೊರಿಂ ಎಂಬ ಕಾರ್ಕ್ ಕಂಪೆನಿಯವರೇ. ಅಷ್ಟರಿಂದಲೇ ಅದು ಸುಳ್ಳೆನ್ನಲಾಗದು. ಮಾರುವವನೇ ತೂಗಿದ ತಕ್ಕಡಿ ಎಂಬುದನ್ನು ಮಾತ್ರ ನೆನಪಿಡಬೇಕು. ಇನ್ನೊಂದು ಸಂಗತಿ: ಬಿರಡೆ 4 ಗ್ರಾಂ, ಖಾಲಿ ಗಾಜಿನ ಬಾಟಲಿ ಸುಮಾರು 500 ಗ್ರಾಂ. ಗಾಜನ್ನು ಕರಗಿಸುವ ಕುಲುಮೆಯ ಹೊಗೆಯ ಮುಂದೆ ಯಾವ ಮುಚ್ಚಳದ ಲೆಕ್ಕವೂ ಅಲ್ಪವೇ. ನಮ್ಮ ಮಟ್ಟಿಗೆ ಕಾರ್ಕಿನ ಪರವಾದ ಬಲವಾದ ವಾದ ಹೊಗೆಯದಲ್ಲ, ಕಾಡಿನದು. ಅಲ್ಯುಮಿನಿಯಂ ಮುಚ್ಚಳವನ್ನು ಕೊಂಡರೆ ಗಣಿಗೆ ಹಣ ಹೋಗುತ್ತದೆ. ಬಿರಡೆಯನ್ನು ಕೊಂಡರೆ ನಿಂತ ಮರಕ್ಕೆ.

ಈಗಿನ ಆತಂಕ ಬೇರೆ ಬಗೆಯದು. ಅಲೆಂಟೇಜೊದಲ್ಲಿ ಬರಗಾಲಗಳು ಉಲ್ಬಣಗೊಳ್ಳುತ್ತಿವೆ. ಫೈಟಾಫ್ತೊರ ಎಂಬ ಜಾತಿಯ ರೋಗಾಣು ಬೇರನ್ನು ಕೊಳೆಯಿಸಿ ಮರಗಳನ್ನು ಒಣಗಿಸುತ್ತದೆ. ನಮ್ಮ ಅಡಿಕೆತೋಟಗಳಲ್ಲಿ ಕೊಳೆರೋಗವನ್ನುಂಟುಮಾಡುವುದು ಇದರದೇ ಬಳಗದ ಇನ್ನೊಂದು ಜಾತಿಯಾದುದರಿಂದ ಅದರ ಉಪದ್ರವ ಎಂಥದೆಂದು ನಮ್ಮ ಪೋಷಕರಿಗೆ ವಿವರಿಸಬೇಕಾಗಿಲ್ಲ. 2025ರಲ್ಲಿ ನೆಟ್ಟ ಸಸಿಯು ಇವೆಲ್ಲವನ್ನೂ ದಾಟಿ ಬದುಕಿದರೆ 2050ರ ಸುಮಾರಿಗೆ ಮೊದಲ ತೊಗಟೆ, 2059ರಲ್ಲಿ ಎರಡನೆಯದು, 2068ರಲ್ಲಿ ಬಿರಡೆ. ಈಗ ಎಂಟನೆಯ ತರಗತಿಯಲ್ಲಿರುವವರಿಗೆ ಆಗ ಐವತ್ತಾರರ ಆಸುಪಾಸಿನ ವಯಸ್ಸು. ಇಷ್ಟು ದೀರ್ಘವಾದ ಕಾಯುವಿಕೆಯೇ ರೈತರನ್ನು ಹಿಂಜರಿಸುವುದರಿಂದ, ಎಳೆಯ ಸಸಿಗಳಿಗೆ ಹನಿನೀರಾವರಿ ಕೊಟ್ಟು ಮೊದಲ ಸುಲಿಗೆಯ ಕಾಲವನ್ನು ಹತ್ತಿರಕ್ಕೆ ತರುವ ಪ್ರಯೋಗಗಳು ಪೋರ್ತುಗಲ್ಲಿನಲ್ಲಿ ನಡೆಯುತ್ತಿವೆ. ನೀರೇ ದುರ್ಲಭವಾಗುತ್ತಿರುವ ಆ ನೆಲದಲ್ಲಿ ಅದಕ್ಕೆ ಬೇಕಾದ ನೀರನ್ನು ಎಲ್ಲಿಂದ ತರುವುದೆಂಬ ಪ್ರಶ್ನೆಯೂ ಅದರೊಂದಿಗೇ ಇದೆ.