ಬಣ್ಣದ ಕಾರ್ಖಾನೆಗಳ ನೀರೂ ಸಾಗುವಳಿಯ ಭೂಮಿಯೂ

ನೂಲಿಗೂ ಬಟ್ಟೆಗೂ ಬಣ್ಣ ಕಟ್ಟುವ ಕಾರ್ಖಾನೆಗಳ ನೀರು ಹಳ್ಳವನ್ನು ಸೇರಿದಲ್ಲಿ, ಕೆಳಗಣ ರೈತರಿಗೆ ಮೊದಲು ಕಾಣುವುದು ಬಣ್ಣವೇ. ಬಣ್ಣ ಮಾಯವಾದರೆ ನೀರು ಶುದ್ಧವಾಯಿತೆಂದು ಎಣಿಸುವುದು ಸಹಜ. ಆದರೆ ಭೂಮಿಗೆ ಹೆಚ್ಚು ಕಾಲ ಕೇಡನ್ನುಂಟುಮಾಡುವ ವಸ್ತುವು ಕಣ್ಣಿಗೆ ಕಾಣುವುದಿಲ್ಲ, ಅದು ಉಪ್ಪು.

ಹತ್ತಿಯ ಬಟ್ಟೆಗೆ ಈಗ ಹೆಚ್ಚಾಗಿ ಉಪಯೋಗಿಸುವ ಬಣ್ಣಗಳು ನೂಲಿಗೆ ಹತ್ತಬೇಕಾದರೆ, ಬಣ್ಣದ ತೊಟ್ಟಿಯ ಪ್ರತಿ ಲೀಟರು ನೀರಿಗೆ ಸಾಮಾನ್ಯವಾಗಿ 40ರಿಂದ 80 ಗ್ರಾಂವರೆಗೆ ಉಪ್ಪು ಬೇಕಾಗುವುದು. ಬಣ್ಣದಲ್ಲಿ ಒಂದು ಪಾಲು ಮಾತ್ರ ನೀರಿನೊಡನೆ ಹೋಗುವುದು. ಉಪ್ಪಾದರೋ ಬಹುಮಟ್ಟಿಗೆ ಎಲ್ಲವೂ ಹೋಗುವುದು.

ಬಣ್ಣವನ್ನು ತೆಗೆಯುವ ಕ್ರಮಗಳು:

1. ಸುಣ್ಣವನ್ನೂ ಅನ್ನಭೇದಿಯನ್ನೂ, ಇಲ್ಲವೆ ಪಟಕವನ್ನು, ನೀರಿಗೆ ಬೆರೆಸಿ ಕದಡಿದರೆ ಬಣ್ಣವು ಗರಣೆಕಟ್ಟಿ ತಳಕ್ಕಿಳಿಯುವುದು. ಖರ್ಚು ಕಡಮೆ. ಆದರೆ ಚೆನ್ನಾಗಿ ಕರಗುವ ಬಣ್ಣಗಳು ಇದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ತಳದ ಗಷ್ಟನ್ನು ಹಾಕಲು ಸುರಕ್ಷಿತವಾದ ಸ್ಥಳವೂ ಬೇಕು.

2. ವಿಶೇಷವಾಗಿ ಸಿದ್ಧಪಡಿಸಿದ ಇದ್ದಲಿನ ಮೂಲಕ ಸೋಸಿದರೆ, ಕರಗಿದ ಬಣ್ಣವು ಇದ್ದಲಿಗೆ ಅಂಟಿಕೊಳ್ಳುವುದು. ಇದ್ದಲಿನ ಶಕ್ತಿ ಮುಗಿದೊಡನೆ ಅದನ್ನು ಬದಲಾಯಿಸತಕ್ಕದ್ದು.

3. ಗಾಳಿಯಾಡದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಅಜೋ ಜಾತಿಯ ಬಣ್ಣಗಳನ್ನು ಒಡೆಯುವುವು. ಒಡೆದ ಭಾಗಗಳಲ್ಲಿ ಕೆಲವು ವಿಷಕರವಾದುದರಿಂದ, ಆ ನೀರನ್ನು ಬಳಿಕ ಗಾಳಿಯೂದುವ ತೊಟ್ಟಿಯಲ್ಲಿಯೂ ಶುದ್ಧಿಮಾಡಬೇಕು.

4. ಓಜೋನ್ ಅನಿಲವನ್ನು ಹಾಯಿಸಿದರೆ ಬಣ್ಣವು ಬೇಗನೆ ಕಳೆಯುವುದು; ಇದಕ್ಕೆ ವಿದ್ಯುತ್ತಿನ ವೆಚ್ಚ ಅಧಿಕ.

ಈ ನಾಲ್ಕರಲ್ಲಿ ಯಾವುದೂ ಕರಗಿದ ಉಪ್ಪನ್ನು ತೆಗೆಯಲಾರದು. ಅದಕ್ಕಾಗಿ ನೀರನ್ನು ಒತ್ತಡದಿಂದ ಅತಿಸೂಕ್ಷ್ಮವಾದ ಪೊರೆಯ ಮೂಲಕ ಹಾಯಿಸಿ, ಉಳಿದ ಗಟ್ಟಿ ಉಪ್ಪುನೀರನ್ನು ಕಾಯಿಸಿ ಇಂಗಿಸಬೇಕಾಗುವುದು.

ತಮಿಳುನಾಡಿನ ತಿರುಪ್ಪೂರಿನ ವೃತ್ತಾಂತವು ಇದಕ್ಕೆ ತಕ್ಕ ನಿದರ್ಶನ. ಸುಮಾರು 20,000 ಎಕರೆಯ ನೀರಾವರಿಗೆಂದು ನೊಯ್ಯಲ್ ನದಿಗೆ ಕಟ್ಟಿದ ಒರತ್ತುಪಾಳಯದ ಅಣೆಕಟ್ಟು 1992ರಲ್ಲಿ ಪೂರ್ಣವಾಯಿತು. ಮೇಲಣ ಬಣ್ಣದ ಕಾರ್ಖಾನೆಗಳ ಕೊಳಕು ಅದರಲ್ಲಿ ನಿಂತು, ಕೆಲವೇ ವರ್ಷಗಳಲ್ಲಿ ಆ ನೀರು ಬೇಸಾಯಕ್ಕೆ ಬಾರದಂತಾಯಿತು. ಬಳಿಕ ಸ್ಥಾಪಿತವಾದ ಸಾಮೂಹಿಕ ಶುದ್ಧೀಕರಣ ಕೇಂದ್ರಗಳು ಬಣ್ಣವನ್ನು ತಗ್ಗಿಸಿದರೂ ಉಪ್ಪನ್ನು ತಗ್ಗಿಸಲಿಲ್ಲ. ಅಚ್ಚುಕಟ್ಟಿನ ರೈತರು ಮದರಾಸು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಹನಿ ತ್ಯಾಜ್ಯವನ್ನೂ ನದಿಗೆ ಬಿಡಕೂಡದೆಂಬ ನಿಬಂಧನೆ ಪಾಲನೆಯಾಗದಿರಲು, 2011ರ ಜನವರಿಯಲ್ಲಿ ನ್ಯಾಯಾಲಯವು ಕಾರ್ಖಾನೆಗಳನ್ನು ಮುಚ್ಚುವಂತೆ ಆಜ್ಞಾಪಿಸಿತು.

ಸೋಡಿಯಂ ಹೆಚ್ಚಾದ ನೀರನ್ನು ಹಾಯಿಸುತ್ತ ಬಂದರೆ ಎರೆಮಣ್ಣು ಬಿಗಿದು, ನೀರು ಇಂಗದೆ ಭೂಮಿ ಚೌಳಾಗುವುದು. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ಇಂತಹ ಹಳ್ಳದ ಮತ್ತು ಸಮೀಪದ ಬಾವಿಗಳ ನೀರನ್ನು ಶುಭ್ರವಾದ ಸೀಸೆಗಳಲ್ಲಿ ತುಂಬಿಸಿ, ಸ್ಥಳವನ್ನೂ ದಿನಾಂಕವನ್ನೂ ಬರೆದು, ಮಳೆಗಾಲದಲ್ಲೊಮ್ಮೆ ಬೇಸಗೆಯಲ್ಲೊಮ್ಮೆ ಪರೀಕ್ಷೆ ಮಾಡಿಸತಕ್ಕದ್ದು. ನೀರಿನ ವಿದ್ಯುದ್ವಾಹಕತೆಯು ಮೀಟರಿಗೆ 0.7 ಡೆಸಿಸೀಮನ್ಸ್‌ಗಿಂತ ಕಡಮೆಯಿದ್ದರೆ ಉಪ್ಪಿನ ಭಯವಿಲ್ಲ. 3ನ್ನು ಮೀರಿದರೆ ಬಹುತೇಕ ಪೈರುಗಳಿಗೆ ಹಾನಿಯುಂಟು. ಸೋಡಿಯಂ ಪ್ರಮಾಣವನ್ನು ಬೇರೆಯಾಗಿ ಕೇಳಿ ತಿಳಿಯಬೇಕು.

ಕಾರ್ಖಾನೆಯವರು ತಿಳಿನೀರನ್ನು ತೋರಿಸಿದಾಗ ಅಷ್ಟಕ್ಕೇ ತೃಪ್ತರಾಗದೆ, ಉಪ್ಪೆಷ್ಟೆಂದು ವಿಚಾರಿಸುವುದು ಒಳಿತು. ಬಣ್ಣವು ಕಂಡು ಎಚ್ಚರಿಸುವುದು. ಉಪ್ಪು ಕಾಣದೆ ಕೆಡಿಸುವುದು.