ಸಹಿ ಹಾಕಿದರೂ ಹಕ್ಕು ಹೋಗುವುದಿಲ್ಲ

ನೊಣವಿನಕೆರೆಗೆ ಸಮುದ್ರ ದೂರ. ಆದರೂ ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಶಾಲೆ ಕಾಲೇಜುಗಳಿಂದ ಕರಾವಳಿಗೆ ಬಸ್ ಹೊರಡುತ್ತವೆ. ಅಲ್ಲಿ ಜೆಟ್ ಸ್ಕೀ, ಬನಾನ ಬೋಟ್ ನೋಡಿದರೆ ಯಾರಿಗೆ ತಾನೇ ಆಸೆಯಾಗುವುದಿಲ್ಲ?

ಹೋದ ವರ್ಷ ನನ್ನ ಮಾಮುವಿನ ಮಗ ಜೆಟ್ ಸ್ಕೀ ಹತ್ತಿದ. ಅವನಿಗೆ ಆಗ 16 ವರ್ಷ. ಹತ್ತುವ ಮೊದಲು "ಏನಾದರೂ ಆದರೆ ನಾವು ಜವಾಬ್ದಾರರಲ್ಲ" ಎಂಬ ಕಾಗದಕ್ಕೆ ಅವನಿಂದಲೇ ಸಹಿ ಹಾಕಿಸಿಕೊಂಡರು. ಲೈಫ್ ಜಾಕೆಟ್‌ನ ಕ್ಲಿಪ್ ಮುರಿದಿತ್ತು. ಓಡಿಸುತ್ತಿದ್ದವನು ಜೋರಾಗಿ ತಿರುಗಿಸಿದಾಗ ಇವನು ಬಿದ್ದು ಮಣಿಕಟ್ಟು ಮುರಿಯಿತು. ಮಾಮು ಕೇಳಿದ್ದಕ್ಕೆ ಆ ಕಾಗದ ತೋರಿಸಿದರು. ಮಾಮು ಸುಮ್ಮನೆ ವಾಪಸ್ ಬಂದರು. "ನಸೀಬು, ಜೀವ ಉಳಿಯಿತಲ್ಲ" ಎಂದರು ನಾನಿ.

ವ್ಯವಹಾರ ಅಧ್ಯಯನದಲ್ಲಿ ಗ್ರಾಹಕ ಸಂರಕ್ಷಣೆಯ ಪಾಠ ಓದುವಾಗ ನನಗೆ ಆ ಕಾಗದ ನೆನಪಾಯಿತು. ಅದಕ್ಕೆ ನಿಜವಾಗಿ ಎಷ್ಟು ಬೆಲೆ?

1. ಅಪ್ರಾಪ್ತರ ಸಹಿ: 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ 18 ತುಂಬದವರು ಕರಾರು ಮಾಡಲು ಅರ್ಹರಲ್ಲ. ಅಂಥ ಕರಾರು ಮೊದಲಿನಿಂದಲೇ ಅನೂರ್ಜಿತ ಎಂದು 1903ರ ಮೊಹೋರಿ ಬೀಬಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ನಮ್ಮಲ್ಲಿ ಹೆಚ್ಚಿನವರು ಇದೇ ವಯಸ್ಸಿನವರು. ದೊಡ್ಡವರು ಸಹಿ ಹಾಕಿದ್ದರೂ ದೂರು ಕೊಡುವ ದಾರಿ ಮುಚ್ಚುವುದಿಲ್ಲ.

2. ಸೇವಾ ನ್ಯೂನತೆ: ಹಣ ಕೊಟ್ಟು ಸವಾರಿ ಮಾಡಿದವನು ಗ್ರಾಹಕ. ಮುರಿದ ಜಾಕೆಟ್ ಕೊಡುವುದು ಸೇವಾ ನ್ಯೂನತೆ. 2006ರಲ್ಲಿ ಕೋವಳಂನಲ್ಲಿ ಕೇರಳ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲಿನ ಈಜುಕೊಳದಲ್ಲಿ ಒಬ್ಬ ಅತಿಥಿ ಮುಳುಗಿ ತೀರಿಕೊಂಡರು. ಅಲ್ಲಿಯ ಜೀವರಕ್ಷಕನಿಗೆ ಬಾರ್‌ನ ಕೆಲಸವನ್ನೂ ಕೊಟ್ಟಿದ್ದರು. ರಾಷ್ಟ್ರೀಯ ಗ್ರಾಹಕ ಆಯೋಗ ಕೊಡಿಸಿದ 62.50 ಲಕ್ಷ ರೂ. ಪರಿಹಾರವನ್ನು 2019ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

3. ಎಲ್ಲಿ ದೂರು ಕೊಡಬೇಕು? ಕರಾವಳಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅಪ್ರಾಪ್ತರ ಪರವಾಗಿ ತಂದೆ ತಾಯಿ ಅಥವಾ ಪೋಷಕರು ದೂರು ಕೊಡುತ್ತಾರೆ. ಘಟನೆಯಾಗಿ 2 ವರ್ಷದೊಳಗೆ ಕೊಡಬೇಕು. ಸಲಹೆಗೆ 1915ಕ್ಕೆ ಕರೆ ಮಾಡಬಹುದು.

4. ಪೊಲೀಸ್ ದೂರು: ನಿರ್ಲಕ್ಷ್ಯದಿಂದ ಗಾಯ ಅಥವಾ ಸಾವು ಆದರೆ ಅದು ಅಪರಾಧವೂ ಹೌದು. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ 'ಝೀರೋ ಎಫ್‌ಐಆರ್' ದಾಖಲಿಸಬಹುದು.

5. ಪ್ರವಾಸ ಕರೆದೊಯ್ದವರ ಹೊಣೆ: 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಹೋಗಿದ್ದ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿದ್ದನ್ನು ನಾವು ಮರೆತಿಲ್ಲ. 1995ರಲ್ಲಿ ಶಾಲಾ ಪಿಕ್ನಿಕ್‌ಗೆ ಹೋದ 14 ಮಕ್ಕಳು ಬಿಯಾಸ್ ನದಿಯಲ್ಲಿ ಮುಳುಗಿದಾಗ, ಶಾಲೆಯೇ ತಲಾ 5 ಲಕ್ಷ ರೂ. ಕೊಡಬೇಕೆಂಬ ಆದೇಶವನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು.

ಆದರೆ ಒಂದು ಮಾತು. ಕೇವಲ ಬಿದ್ದೆವು ಎಂದರೆ ಪರಿಹಾರ ಸಿಗದು. ಅವರ ತಪ್ಪನ್ನು ನಾವು ತೋರಿಸಬೇಕು. ನಾವೇ ಜಾಕೆಟ್ ಬಿಚ್ಚಿದ್ದರೆ ನಮ್ಮ ವಾದ ಸೋಲುತ್ತದೆ. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಮಾರಿದವರು ಪಟ್ಟಿ ಇಲ್ಲದೆ ಮನೆಗೆ ಬರುವುದಿಲ್ಲ. ನೀರಿನ ಆಟಕ್ಕೂ ಅದೇ ಲೆಕ್ಕ: ಟಿಕೆಟ್ ಅಥವಾ ಫೋನ್‌ಪೇ ದಾಖಲೆ, ಜಾಕೆಟ್ ಮತ್ತು ಬೋಟಿನ ಫೋಟೊ, ಆಸ್ಪತ್ರೆಯ ಚೀಟಿಗಳು, ನೋಡಿದವರ ಫೋನ್ ನಂಬರ್ ಇಟ್ಟುಕೊಳ್ಳಿ.

ಮಾಮು ಹಣವನ್ನು ಫೋನಿನಲ್ಲೇ ಕಟ್ಟಿದ್ದರು, ಎಕ್ಸ್‌ರೇ ಕೂಡ ಮನೆಯಲ್ಲಿದೆ. 2 ವರ್ಷ ತುಂಬಲು ಇನ್ನೂ ಹತ್ತು ತಿಂಗಳಿದೆ. ಈ ಲೇಖನದ ಮೊದಲ ಪ್ರತಿಯನ್ನು ಅವರಿಗೇ ಓದಿ ಹೇಳಿದೆ. "ಆ ಎಕ್ಸ್‌ರೇ ಎಲ್ಲಿಟ್ಟಿದ್ದೀಯ, ನೋಡು" ಎಂದು ಮುಮಾನಿಯನ್ನು ಕೇಳಿದರು.